ಕೋಟೆಯ ಕಾವಲು: ಆಧ್ಯಾತ್ಮಿಕ ಹೋರಾಟಕ್ಕೆ ನಮ್ಮ ಸಿದ್ಧತೆ



ಹೊಸೂರಿನಿಂದ ಕೃಷ್ಣಗಿರಿಗೆ ಬಸ್ಸಿನಲ್ಲಿ ಹೋಗುವಾಗ ಊರು ಹತ್ತಿರವಾಗುತ್ತಿದ್ದಂತೆ ಕಾಣುವ ಬಂಡೆಬೆಟ್ಟವನ್ನು ನಾವೆಲ್ಲರೂ ನೋಡಿದ್ದೇವೆ. ಅದರ ನೆತ್ತಿಯ ಮೇಲೆ ಹಳೆಯ ಕೋಟೆ. ಕಳೆದ ವರ್ಷ ನಮ್ಮ ಯುವಜನರೊಂದಿಗೆ ಬೆಳಗಿನ ಪೂಜೆ ಮುಗಿಸಿ, ಇಡ್ಲಿ ಪೊಟ್ಟಣ ಕಟ್ಟಿಕೊಂಡು ಆ ಬೆಟ್ಟ ಹತ್ತಿದೆವು. ಹುಡುಗರು ಓಡಿದರು, ನಾವು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡೆವು. ಮೇಲೆ ಕುಳಿತು ಕೆಳಗಿನ ಪಟ್ಟಣ, ಮಾವಿನ ತೋಪುಗಳು ಎಲ್ಲವನ್ನೂ ನೋಡುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ಸಾಮಿ, ಇಷ್ಟು ಎತ್ತರದ ಕೋಟೇನ ಯಾರಾದ್ರೂ ಹೆಂಗೆ ಗೆದ್ದಿರ್ತಾರೆ?"

ಆಗ ನಮಗೆ ಉತ್ತರ ಗೊತ್ತಿರಲಿಲ್ಲ. "ಇಡ್ಲಿ ತಿನ್ನಪ್ಪ, ಆಮೇಲೆ ಹೇಳ್ತೀವಿ" ಎಂದು ತಪ್ಪಿಸಿಕೊಂಡೆವು. ಮರಳಿ ಬಂದ ಮೇಲೆ ಪುಸ್ತಕಗಳನ್ನು ತೆಗೆದು ಓದಿದೆವು. ಓದಿದ ಮೇಲೆ ಈ ಲೇಖನ ಬರೆಯಲೇಬೇಕು ಎನಿಸಿತು.

ನಮ್ಮ ಈ ಸೀಮೆಗೆ ಹಿಂದೆ ಬಾರಾಮಹಲ್ ಎಂಬ ಹೆಸರಿತ್ತು. ಮೈಸೂರಿಗೂ ಇಂಗ್ಲಿಷರಿಗೂ ಯುದ್ಧ ನಡೆದಾಗಲೆಲ್ಲ ದಂಡು ಹಾದುಹೋಗುವ ದಾರಿ ಇದೇ. 1767ರಲ್ಲಿ ಕರ್ನಲ್ ಸ್ಮಿತ್ ಅವರ ಪಡೆ ಕೃಷ್ಣಗಿರಿ ಕೋಟೆಯನ್ನು ನೇರವಾಗಿ ಹತ್ತಿ ಹಿಡಿಯಲು ನೋಡಿತು, ಆಗಲಿಲ್ಲ. ಮರುವರ್ಷ 1768ರಲ್ಲಿ ಹತ್ತುವ ಪ್ರಯತ್ನ ಬಿಟ್ಟು ಸುತ್ತಲಿನ ದಾರಿಗಳನ್ನು ಕಟ್ಟಿ ಕಾದರು. ಒಳಗಿನವರು ಕೊನೆಗೆ ಶರಣಾದರು. ಯುದ್ಧ ಮುಗಿದ ಮೇಲೆ ಕೋಟೆ ಮತ್ತೆ ಹೈದರಾಲಿಯ ವಶವಾಯಿತು. 1791ರ ನವೆಂಬರಿನಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಕರ್ನಲ್ ಮ್ಯಾಕ್ಸ್‌ವೆಲ್ ಅವರ ಪಡೆ ಮತ್ತೆ ಬಂತು. ಕೆಳಗಿನ ಪೇಟೆ ಬಿತ್ತು. ಆದರೆ ಮೇಲಿನ ಕೋಟೆಯಿಂದ ಕಾವಲಿನವರು ದೊಡ್ಡ ದೊಡ್ಡ ಕಲ್ಲುಗಳನ್ನು ಉರುಳಿಸಿದರು. ಹತ್ತಲು ಬಂದವರು ಹಿಂದಕ್ಕೆ ಹೋದರು. ಹೀಗೆ ಉಳಿದ ಕೋಟೆ, ನಾಲ್ಕೇ ತಿಂಗಳಲ್ಲಿ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಬಾರಾಮಹಲಿನೊಂದಿಗೆ ಇಂಗ್ಲಿಷರಿಗೆ ಹೋಯಿತು. ದೂರದಲ್ಲಿ ಕಾಗದದ ಮೇಲೆ ಸಹಿ ಬಿತ್ತು, ಇಲ್ಲಿ ಬಾಗಿಲು ತೆರೆಯಿತು.

ನಮ್ಮ ಹೊಸೂರು ಕೋಟೆಯ ಕಥೆ ಇನ್ನೂ ಚಿಕ್ಕದು. ಅದೇ 1791ರ ಜುಲೈನಲ್ಲಿ ಕಾರ್ನ್‌ವಾಲಿಸ್ ಅವರ ಸೈನ್ಯ ಸಮೀಪಿಸಿದಾಗ ಕಾವಲಿನವರು ಕೋಟೆ ಬಿಟ್ಟು ಹೊರಟೇಹೋದರು.

ದಾಳಿಗೆ ಬೀಳದ ಕೋಟೆ ಹಸಿವೆಗೆ ಬಿತ್ತು, ಕರಾರಿಗೆ ಬಿತ್ತು. ಇನ್ನೊಂದು ಭಯಕ್ಕೆ ಬಿತ್ತು. ಇಪ್ಪತ್ತು ವರ್ಷಗಳ ಹತ್ತಿರ ಗುರುವಾಗಿ ಮನೆಮನೆ ಸುತ್ತಿರುವ ನಮಗೆ ಇದನ್ನು ಓದಿದಾಗ ನೆನಪಾದದ್ದು ಟಿಪ್ಪುವೂ ಅಲ್ಲ, ಮ್ಯಾಕ್ಸ್‌ವೆಲ್ಲನೂ ಅಲ್ಲ. ನಮಗೆ ಪರಿಚಯವಿರುವ ಕೆಲವು ಕುಟುಂಬಗಳು.

ಯಾರ ವಿರುದ್ಧ ಹೋರಾಟ?

ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ದೇವರ ಸರ್ವಾಯುಧಗಳ ವಿಷಯ ಬರುತ್ತದೆ. ಸತ್ಯದ ನಡುಕಟ್ಟು, ನೀತಿಯ ಕವಚ, ವಿಶ್ವಾಸದ ಗುರಾಣಿ, ದೇವರ ವಾಕ್ಯದ ಖಡ್ಗ. ಧರ್ಮೋಪದೇಶದ ಮಕ್ಕಳು ರಟ್ಟಿನಲ್ಲಿ ಇವನ್ನೆಲ್ಲ ಕತ್ತರಿಸಿ ವಾರ್ಷಿಕೋತ್ಸವದಲ್ಲಿ ತೊಟ್ಟು ನಿಂತದ್ದನ್ನು ನೀವು ನೋಡಿದ್ದೀರಿ. ಆದ್ದರಿಂದ ಒಂದೊಂದನ್ನೂ ವಿವರಿಸುವುದಿಲ್ಲ. ಆದರೆ ಆಯುಧಗಳ ಪಟ್ಟಿಗೆ ಮುಂಚೆ ಪೌಲರು ಹೇಳುವ ಒಂದು ಮಾತನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ನಮ್ಮ ಹೋರಾಟ ರಕ್ತಮಾಂಸಗಳುಳ್ಳ ಮನುಷ್ಯರ ವಿರುದ್ಧವಲ್ಲ ಎನ್ನುತ್ತಾರೆ ಅವರು. ಇದನ್ನು ಬರೆಯುವಾಗ ಅವರು ಸೆರೆಯಲ್ಲಿದ್ದರು. ಕಾವಲಿಗಿದ್ದ ಸೈನಿಕನನ್ನೇ ಶತ್ರು ಎನ್ನಬಹುದಿತ್ತು. ಅನ್ನಲಿಲ್ಲ.

ನಾವೋ, ಮೊದಲು ಹುಡುಕುವುದೇ ರಕ್ತಮಾಂಸದ ಶತ್ರುವನ್ನು. ಅತ್ತೆಗೆ ಸೊಸೆ, ಸೊಸೆಗೆ ನಾದಿನಿ, ಅಣ್ಣನಿಗೆ ತಮ್ಮ. ಹೊಲದ ಬದುವಿನ ಒಂದಡಿ ಜಾಗಕ್ಕೆ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಪೂಜೆಯಲ್ಲಿ, ಒಬ್ಬರು ಎಡಸಾಲಿನಲ್ಲಿ ಇನ್ನೊಬ್ಬರು ಬಲಸಾಲಿನಲ್ಲಿ ನಿಂತು, ಒಂದೇ ಪರಮಪ್ರಸಾದ ಸ್ವೀಕರಿಸಿ ಹೋಗುವುದನ್ನು ಕಂಡಿದ್ದೇವೆ. ಅವರಿಬ್ಬರ ನಡುವೆ ನಿಂತು ನಗುವವನು ಇಬ್ಬರಿಗೂ ಕಾಣುವುದಿಲ್ಲ.

ಈ ಹೋರಾಟ ನಮಗೆ ಹೊಸದೂ ಅಲ್ಲ. ದೀಕ್ಷಾಸ್ನಾನದ ದಿನವೇ ನಮ್ಮ ಪರವಾಗಿ ಜ್ಞಾನ ತಂದೆತಾಯಂದಿರು ಸೈತಾನನನ್ನೂ ಅವನ ಕೆಲಸಗಳನ್ನೂ ತ್ಯಜಿಸುತ್ತೇವೆಂದು ಮಾತು ಕೊಟ್ಟರು. ಅಂದು ನೀರಿಗೆ ಮುಂಚೆ ಎಣ್ಣೆ ಹಚ್ಚುತ್ತಾರಲ್ಲ, ಅದು ಹೋರಾಟಕ್ಕೆ ಬಲ ಕೊಡುವ ಎಣ್ಣೆ. ಕುಸ್ತಿಗೆ ಇಳಿಯುವವನು ಮೈಗೆ ಎಣ್ಣೆ ಹಚ್ಚಿಕೊಳ್ಳುವ ಹಾಗೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೃಢೀಕರಣ ಕೊಡುವಾಗ ಧರ್ಮಾಧ್ಯಕ್ಷರು ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು. "ಬಿಷಪ್ ಸಾಮಿ ನನಗೆ ಮಾತ್ರ ಜೋರಾಗಿ ಹೊಡೆದರು" ಎಂದು ಈಗಲೂ ಹೇಳಿಕೊಂಡು ನಗುವ ಹಿರಿಯರು ನಮ್ಮಲ್ಲಿದ್ದಾರೆ. ವಿಭೂತಿ ಬುಧವಾರದ ಪೂಜೆಯ ಆರಂಭದ ಪ್ರಾರ್ಥನೆಯೂ ತಪಸ್ಸು ಕಾಲವನ್ನು ದುಷ್ಟಶಕ್ತಿಗಳ ವಿರುದ್ಧದ ದಂಡಯಾತ್ರೆಯಂತೆಯೇ ಕಾಣುತ್ತದೆ. ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಪಾವಿತ್ರ್ಯದ ಬಗ್ಗೆ ಬರೆದ ಪ್ರಬೋಧನ ಪತ್ರದ ಕೊನೆಯ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟರು. ಪಿಶಾಚಿ ಎಂದರೆ ಬರೀ ಕಟ್ಟುಕಥೆ, ಸಂಕೇತ ಎಂದು ತಿಳಿದುಕೊಂಡರೆ ನಾವು ಎಚ್ಚರ ತಪ್ಪುತ್ತೇವೆ ಎಂಬುದು ಅಲ್ಲಿ ಅವರು ಕೊಟ್ಟ ಎಚ್ಚರಿಕೆ.

ಕೋಟೆ ಕಂಡ ಸಂತರು

ಕೋಟೆ, ದಾಳಿ, ಕಾವಲು ಇವೆಲ್ಲವನ್ನೂ ಪುಸ್ತಕದಲ್ಲಿ ಓದದೆ ಮೈಮೇಲೆ ಅನುಭವಿಸಿದ ಒಬ್ಬ ಸಂತರಿದ್ದಾರೆ: ಲೊಯೋಲದ ಸಂತ ಇಗ್ನೇಷಿಯಸರು. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದಾಗ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ವೀರಕಥೆಗಳನ್ನು ಕೇಳಿದರು. ಮನೆಯಲ್ಲಿ ಇದ್ದದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಓದುತ್ತಾ, ನಡುವೆ ಹಗಲುಗನಸು ಕಾಣುತ್ತಾ, ಅವರು ಒಂದು ವಿಷಯ ಗಮನಿಸಿದರು. ಕೀರ್ತಿಯ ಕನಸು ಕಾಣುವಾಗ ಸಿಹಿ, ಆಮೇಲೆ ಮನಸ್ಸು ಒಣಗಿದಂತೆ. ಸಂತರ ಹಾಗೆ ಬಾಳಬೇಕೆಂಬ ಕನಸು ಕಾಣುವಾಗಲೂ ಸಿಹಿ, ಆಮೇಲೂ ಸಿಹಿ. ಯಾವ ಯೋಚನೆ ಎಲ್ಲಿಂದ ಬರುತ್ತದೆ ಎಂದು ಗುರುತಿಸಲು ಅಲ್ಲಿಂದ ಕಲಿತರು. 1522ರ ಮಾರ್ಚಿನಲ್ಲಿ ಮೊಂಟ್ಸೆರಾಟ್‌ನಲ್ಲಿ ರಾತ್ರಿಯಿಡೀ ಜಾಗರಣೆ ಮಾಡಿ, ತಮ್ಮ ಕತ್ತಿಯನ್ನು ಮಾತೆ ಮರಿಯಮ್ಮನವರ ಪೀಠದ ಬಳಿ ಬಿಟ್ಟು ಹೊರಟರು.

ಇದೆಲ್ಲ ಎಲ್ಲೋ ಸ್ಪೇನ್ ದೇಶದ ವಿಷಯ ಎನ್ನಬೇಡಿ. 1649ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದ ಫಾದರ್ ಲಿಯೊನಾರ್ದೊ ಚಿನ್ನಾಮಿಯವರು ಇದೇ ಇಗ್ನೇಷಿಯಸರ ಯೇಸುಸಭೆಯವರು. ಮೈಸೂರು ಸೀಮೆಯ ಕಥೋಲಿಕರು ಕನ್ನಡದಲ್ಲಿ ಕಲಿತ ವಿಶ್ವಾಸದ ಹಿಂದೆ ಆ ಮುರಿದ ಕಾಲಿನ ಸೈನಿಕರಿದ್ದಾರೆ.

ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದಲ್ಲಿ ಇಗ್ನೇಷಿಯಸರು ಶತ್ರುವಿನ ನಡತೆಯ ಬಗ್ಗೆ ಮೂರು ಹೋಲಿಕೆ ಕೊಡುತ್ತಾರೆ. ಗುರುಮಠದಲ್ಲಿ ನಾವು ಇವನ್ನು ಪರೀಕ್ಷೆಗಾಗಿ ಉರುಹೊಡೆದೆವು. ಅರ್ಥವಾದದ್ದು ಧರ್ಮಕೇಂದ್ರಕ್ಕೆ ಬಂದ ಮೇಲೆ.

ಒಂದು, ಅವನು ಸೇನಾಧಿಪತಿಯ ಹಾಗೆ. ಕೋಟೆಯ ಸುತ್ತ ಸುತ್ತಿ ನೋಡುತ್ತಾನೆ. ಗಟ್ಟಿ ಗೋಡೆಗೆ ತಲೆ ಚಚ್ಚಿಕೊಳ್ಳುವುದಿಲ್ಲ. ಎಲ್ಲಿ ಗೋಡೆ ಸಡಿಲವೋ ಅಲ್ಲೇ ಹೊಡೆಯುತ್ತಾನೆ. ತಳಿ, ಡೆಂಕಣಿಕೋಟೆ, ಜವಳಗಿರಿ ಕಡೆಯ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲ ಮುಗಿದು ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಬರುತ್ತದೆ. ಕಾಡಂಚಿಗೆ ಕಂದಕ ತೋಡಿರುತ್ತದೆ. ಮಳೆಗೆ ಮಣ್ಣು ಕುಸಿದು ಕಂದಕ ಎಲ್ಲಿ ತುಂಬಿದೆಯೋ, ಆನೆ ಕತ್ತಲಲ್ಲಿ ಅದೇ ಜಾಗ ಹುಡುಕಿ ದಾಟುತ್ತದೆ. ಪಾಪ, ಆನೆಗೆ ಹೊಟ್ಟೆ ಹಸಿವು, ಅದನ್ನು ಸೈತಾನ ಎನ್ನಲಾಗದು. ಆದರೆ ಒಂಬತ್ತು ಕಡೆ ಕಂದಕ ಚೆನ್ನಾಗಿದೆ, ಒಂದು ಕಡೆ ಮಾತ್ರ ಕುಸಿದಿದೆ ಎಂದು ಸಮಾಧಾನಪಟ್ಟುಕೊಂಡು ಮಲಗುವ ರೈತನನ್ನು ನಾವು ಈವರೆಗೂ ಕಂಡಿಲ್ಲ.

ಆತ್ಮದ ವಿಷಯದಲ್ಲಿ ಮಾತ್ರ ನಾವು ಹಾಗೆ ಮಲಗುತ್ತೇವೆ. ಪೂಜೆಗೆ ತಪ್ಪುವುದಿಲ್ಲ, ಜಪಸರ ತಪ್ಪುವುದಿಲ್ಲ, ಸಂತ ಅಂತೋಣಿಯವರ ನೊವೇನ ತಪ್ಪುವುದಿಲ್ಲ. ಕೋಪ ಮಾತ್ರ 'ನನ್ನ ಸ್ವಭಾವ, ಏನ್ ಮಾಡೋದು ಸಾಮಿ'. ಶತ್ರುವಿಗೆ ಅಷ್ಟೇ ಸಾಕು, ಪೂಜೆಯ ಗೋಡೆಯನ್ನು ಅವನು ಮುಟ್ಟುವುದೇ ಇಲ್ಲ. ಗುರುಗಳಾದ ನಮಗೂ ಇದೇ ಮಾತು. ನಮ್ಮ ಕುಸಿದ ಕಂದಕ ಯಾವುದೆಂದು ನಮ್ಮ ಅಡುಗೆಯವರನ್ನು ಕೇಳಿದರೆ ಹೇಳಿಯಾರು.

ಎರಡನೆಯ ಹೋಲಿಕೆ: ಅವನು ಕಳ್ಳ ಪ್ರಿಯಕರನ ಹಾಗೆ. ಹುಡುಗಿಯನ್ನು ಕೆಡಿಸಲು ಬಂದವನು ಹೇಳುವ ಮೊದಲ ಮಾತೇ, 'ನಿಮ್ಮ ಅಪ್ಪನಿಗೆ ಹೇಳಬೇಡ'. ಗುಟ್ಟು ಉಳಿದರೆ ಅವನು ಗೆದ್ದ, ಬಯಲಾದರೆ ಸೋತ.

ಇದಕ್ಕೆ ಒಬ್ಬ ಯುವಕನ ವಿಷಯ ಹೇಳಬೇಕು. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಬೇರೆಯವರಿಗೆ ಉಪಯೋಗವಾಗಲಿ, ಬರೆಯಿರಿ ಎಂದು ಅವನೇ ಒಪ್ಪಿದ್ದಾನೆ. ಸಿಪ್‌ಕಾಟ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ, ಶಿಫ್ಟ್ ಬದಲಾಗುತ್ತಿರುತ್ತದೆ. ರಾತ್ರಿ ಪಾಳಿಯ ಬಿಡುವಿನಲ್ಲಿ ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡಲು ತೊಡಗಿದ. ಮೊದಲು ಐವತ್ತು ರೂಪಾಯಿ. ಗೆದ್ದ ದಿನ ತಂಗಿಗೆ ಬಟ್ಟೆ ತಂದ, ಮನೆಯವರು ಓವರ್‌ಟೈಮ್ ದುಡ್ಡು ಎಂದುಕೊಂಡರು. ಸೋತಾಗ ಫೋನಿನಲ್ಲೇ ಸಾಲ ಕೊಡುವವರಿಂದ ತೆಗೆದ. ಅದನ್ನು ತೀರಿಸಲು ಬಡ್ಡಿಯವರ ಹತ್ತಿರ ಹೋದ. ಅದನ್ನು ತೀರಿಸಲು ಅಮ್ಮನ ಸರ ಅಡವಿಟ್ಟ. ಎರಡು ವರ್ಷ ಒಬ್ಬರಿಗೂ ಹೇಳಲಿಲ್ಲ. "ಹೇಳಿದರೆ ಅಪ್ಪ ಸತ್ತೇಹೋಗ್ತಾರೆ ಅಂತ ಒಳಗಿಂದ ಯಾರೋ ಹೇಳ್ತಾನೇ ಇದ್ದಂಗಿತ್ತು ಸಾಮಿ. ಆಮೇಲಾಮೇಲೆ, ನೀನು ಸತ್ತರೆ ಎಲ್ಲ ಸರಿಹೋಗುತ್ತೆ ಅಂತ ಹೇಳೋಕೆ ಶುರುವಾಯ್ತು" ಎಂದ. ಆ ಧ್ವನಿ ಯಾರದು ಎಂದು ವಾದಿಸುವುದು ಬೇಡ. ಅದು ಯೇಸುಸ್ವಾಮಿಯ ಧ್ವನಿಯಲ್ಲ ಎಂಬುದು ಮಾತ್ರ ನಮಗೆ ಖಚಿತ.

ಒಂದು ಭಾನುವಾರ ಎಲ್ಲರೂ ಹೋದ ಮೇಲೆ ದೇವಾಲಯದ ಹಿಂದಿನ ಬೆಂಚಿನಲ್ಲಿ ಕುಳಿತೇ ಇದ್ದ. ನಾವು ಬಾಗಿಲು ಹಾಕಲು ಹೋದಾಗ ಎಲ್ಲವನ್ನೂ ಹೇಳಿದ. ಅಂದು ಸಂಜೆಯೇ ಅವನೊಂದಿಗೆ ಅವನ ಮನೆಗೆ ಹೋದೆವು. ಅಪ್ಪ ಸಾಯಲಿಲ್ಲ. ಎದ್ದು ಹೊರಗೆ ಹೋದರು, ಅರ್ಧ ಗಂಟೆ ಬೇವಿನ ಮರದ ಕೆಳಗೆ ನಿಂತರು, ಒಳಗೆ ಬಂದು "ಊಟ ಮಾಡಿದ್ಯೇನೋ?" ಎಂದು ಕೇಳಿದರು. ಸಾಲ ಇನ್ನೂ ತೀರಿಲ್ಲ. ಮನೆಯವರೆಲ್ಲ ಸೇರಿ ತೀರಿಸುತ್ತಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರಲ್ಲಿ ಕೇಂದ್ರ ಸರ್ಕಾರ ತಂದಿತು. ಒಳ್ಳೆಯದಾಯಿತು. ಆದರೆ ಗುಟ್ಟು ಬಯಲಾಗಲು ಯಾವ ಕಾನೂನೂ ಇಲ್ಲ. ಅದಕ್ಕೆ ಹಿಂದಿನ ಬೆಂಚು ಬೇಕು, ಪಾಪನಿವೇದನೆಯ ಪೀಠ ಬೇಕು, ಕೇಳಿಯೂ ಬೈಯದೆ ಊಟಕ್ಕೆ ಕರೆಯುವ ಒಬ್ಬ ಅಪ್ಪ ಬೇಕು.

ಮೂರನೆಯ ಹೋಲಿಕೆಯಲ್ಲಿ ಸಂತರು ಶತ್ರುವನ್ನು ಜಗಳಗಂಟಿ ಹೆಂಗಸಿಗೆ ಹೋಲಿಸುತ್ತಾರೆ. ನಮ್ಮ ಮಹಿಳಾ ಸಂಘದವರು ಇದನ್ನು ಓದುತ್ತಾರಾದ್ದರಿಂದ ನಾವು ಬೀದಿನಾಯಿ ಎನ್ನೋಣ. ಹೆದರಿ ಓಡಿದರೆ ಊರ ಕೊನೆಯವರೆಗೂ ಅಟ್ಟಿಸಿಕೊಂಡು ಬರುತ್ತದೆ. ನಿಂತು ನೆಲಕ್ಕೆ ಬಗ್ಗಿ ಕಲ್ಲು ಎತ್ತಿಕೊಂಡಂತೆ ಮಾಡಿದರೆ ಬಾಲ ಮುದುರುತ್ತದೆ. ಸಂತ ಯಕೋಬರ ಪತ್ರವೂ ಅದನ್ನೇ ಹೇಳುತ್ತದೆ: ಎದುರಿಸಿ ನಿಂತರೆ ಪಿಶಾಚಿ ಓಡುತ್ತಾನೆ. ಹೊಸೂರು ಕೋಟೆಯ ಕಾವಲಿನವರಿಗೆ ಇದನ್ನು ಯಾರೂ ಹೇಳಿರಲಿಲ್ಲವೇನೋ.

ನಿಂಬೆಹಣ್ಣಿನ ಭಯ

ಈಗ ಕೆಲವರಿಗೆ ಇಷ್ಟವಾಗದ ಮಾತು ಬರೆಯಬೇಕಾಗಿದೆ.

ಬಾಗಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತೆಂದು ಮೂರು ರಾತ್ರಿ ನಿದ್ದೆ ಬಿಟ್ಟ ಮನೆಗಳು ನಮ್ಮಲ್ಲಿವೆ. ಹಸು ಹಾಲು ಕಡಿಮೆ ಮಾಡಿದರೆ ದೃಷ್ಟಿ, ಹುಡುಗಿಗೆ ಗಂಡು ಕೂಡಿಬರದಿದ್ದರೆ ಮಾಟ, ಬೋರ್‌ವೆಲ್‌ನಲ್ಲಿ ನೀರು ಬರದಿದ್ದರೂ ಮಾಟ. ಯಾರು ಮಾಡಿಸಿದರು? ಪಕ್ಕದ ಮನೆಯವರು. ಅಲ್ಲಿಗೆ ಪೌಲರು ಹೇಳಿದ್ದು ಮರೆತೇಹೋಯಿತು. ಶತ್ರು ರಕ್ತಮಾಂಸದವನಾಗಿ ಪಕ್ಕದ ಮನೆಯಲ್ಲೇ ಸಿಕ್ಕಿಬಿಟ್ಟ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹೆರಿಗೆಯಾಗಿ ಎರಡು ತಿಂಗಳು. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ನಿದ್ದೆ ಇಲ್ಲ, ಒಬ್ಬಳೇ ಮಾತನಾಡುತ್ತಾಳೆ. ಯಾರೋ ಹೇಳಿದರೆಂದು ಒಂದು ಕಡೆ ಬಿಡುಗಡೆಯ ಪ್ರಾರ್ಥನೆಗೆ ಕರೆದೊಯ್ದಿದ್ದರು. ಅಲ್ಲಿ ತಲೆ ಹಿಡಿದು ಅಲ್ಲಾಡಿಸಿ, ಕೂಗಿ, ಉಪವಾಸ ಹಾಕಿಸಿ ಕಳಿಸಿದ್ದರು. "ಸತ್ತುಹೋದ ನಾದಿನಿ ಆತ್ಮ ಹಿಡಿದಿದೆಯಂತೆ ಸಾಮಿ, ನೀವು ಬಿಡಿಸಿ" ಎಂದು ತಾಯಿ ಅತ್ತರು. ನಾವು ಆ ಹೆಣ್ಣುಮಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ತೀರ್ಥ ಹಾಕಿದೆವು, ಆಮೇಲೆ ಆಟೋ ಕರೆಸಿ, ಒಬ್ಬ ಸಿಸ್ಟರನ್ನು ಜೊತೆಗೆ ಮಾಡಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕಳಿಸಿದೆವು. ಹೆರಿಗೆಯ ನಂತರ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆ ಅದು, ಔಷಧಿಗೆ ಬಗ್ಗುತ್ತದೆ. ಈಗ ಆ ಮಗು ಶಾಲೆಗೆ ಹೋಗುತ್ತದೆ. ಇಂಥ ತಾಯಿಗೆ ಚಿಕಿತ್ಸೆ ತಡವಾದರೆ ತಾಯಿಯ ಜೀವಕ್ಕೂ ಅಪಾಯ, ಮಗುವಿನ ಜೀವಕ್ಕೂ ಅಪಾಯ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಹಾಗಾದರೆ ದೆವ್ವ ಬಿಡಿಸುವುದೇ ಇಲ್ಲವೇ? ಧರ್ಮಸಭೆಯಲ್ಲಿ ಅದಕ್ಕೆ ಕ್ರಮವಿದೆ, ಶಿಸ್ತೂ ಇದೆ. 1983ರ ಧರ್ಮಸಭೆಯ ಕಾನೂನಿನ 1172ನೆಯ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾರೂ, ಗುರುಗಳೂ ಸಹ, ದೆವ್ವ ಹಿಡಿದವರ ಮೇಲೆ ಆ ವಿಧಿಯನ್ನು ನಡೆಸುವಂತಿಲ್ಲ. ಭಕ್ತಿ, ಜ್ಞಾನ, ವಿವೇಕ, ಶುದ್ಧ ಜೀವನವುಳ್ಳ ಗುರುವಿಗೆ ಮಾತ್ರ ಆ ಅನುಮತಿ. 1985ರ ಸೆಪ್ಟೆಂಬರ್ 29ರಂದು ರೋಮಿನಿಂದ ಬಂದ ಪತ್ರ ಇದನ್ನೇ ಮತ್ತೆ ನೆನಪಿಸಿತು. ಆ ಪತ್ರಕ್ಕೆ ಸಹಿ ಹಾಕಿದವರು ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್. ಕಾಯಿಲೆಯನ್ನು ದೆವ್ವವೆಂದು ತಪ್ಪು ತಿಳಿಯಬಾರದು, ಮೊದಲು ಖಚಿತಪಡಿಸಿಕೊಳ್ಳಬೇಕು, ಕಾಯಿಲೆಯನ್ನು ನೋಡುವುದು ವೈದ್ಯರ ಕೆಲಸ ಎಂದು ನಮ್ಮ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಆದ್ದರಿಂದ ಯಾರಾದರೂ ನಿಮ್ಮ ಮನೆಗೆ ಬಂದು, 'ಇಲ್ಲಿ ಏನೋ ಇದೆ, ತೆಗೆಯುತ್ತೇವೆ, ಇಷ್ಟು ಖರ್ಚಾಗುತ್ತದೆ' ಎಂದರೆ, ಕಾಫಿ ಕೊಟ್ಟು ಕಳಿಸಿಬಿಡಿ.

ಸಂತ ಮಿಖಾಯೇಲರ ಪ್ರಾರ್ಥನೆಯನ್ನು ಹೇಳುವವರು ಧಾರಾಳವಾಗಿ ಹೇಳಿ. ಜಗದ್ಗುರು ಹದಿಮೂರನೆಯ ಲಿಯೋ ಅವರು 1886ರಲ್ಲಿ ಪೂಜೆಯ ನಂತರ ಹೇಳುವ ಪ್ರಾರ್ಥನೆಗಳಿಗೆ ಅದನ್ನು ಸೇರಿಸಿದರು. ಮುಂದೆ ಆ ಪದ್ಧತಿ ನಿಂತಿತು. 1994ರಲ್ಲಿ ಎರಡನೆಯ ಜಾನ್ ಪೌಲರು ಅದನ್ನು ಮರೆಯಬೇಡಿರೆಂದು ಕೇಳಿಕೊಂಡರು; 2018ರ ಅಕ್ಟೋಬರಿನಲ್ಲಿ ಫ್ರಾನ್ಸಿಸರು ಜಪಸರದೊಂದಿಗೆ ಅದನ್ನೂ ಹೇಳಲು ಕರೆಕೊಟ್ಟರು. ನಮ್ಮ ಬೇಡಿಕೆ ಇಷ್ಟೇ: ಅದನ್ನು ತಾಯಿತದ ಹಾಗೆ ಹೇಳಬೇಡಿ.

ನಮ್ಮ ಜಿಲ್ಲೆಯ ಗಾಯ

ಪೌಲರು ಹೇಳಿದ ಅಂಧಕಾರದ ಅಧಿಕಾರಗಳು ಒಬ್ಬೊಬ್ಬರ ಮನಸ್ಸಿನಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಊರೂರುಗಳ ಒಪ್ಪಿಗೆಯಲ್ಲೂ ಕೆಲಸ ಮಾಡುತ್ತವೆ. 2001ರ ಜನಗಣತಿಯಲ್ಲಿ ಆಗಿನ ಅವಿಭಜಿತ ಧರ್ಮಪುರಿ ಜಿಲ್ಲೆಯಲ್ಲಿ, ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 826. ನಮ್ಮ ಕೃಷ್ಣಗಿರಿ ಜಿಲ್ಲೆ ಅದರಿಂದ ಬೇರೆಯಾದದ್ದು 2004ರಲ್ಲಿ, ಆದ್ದರಿಂದ ಆ ಲೆಕ್ಕದಲ್ಲಿ ನಾವೂ ಇದ್ದೆವು. ಹೆಣ್ಣುಶಿಶುಗಳನ್ನು ಕೊಲ್ಲಬೇಡಿ, ಬೇಡವಾದರೆ ಇಲ್ಲಿ ಮಲಗಿಸಿ ಹೋಗಿ ಎಂದು ಸರ್ಕಾರವೇ ತೊಟ್ಟಿಲು ಇಡಬೇಕಾಯಿತು. 1992ರಲ್ಲಿ ಸೇಲಂನಲ್ಲಿ ತೊಡಗಿದ ಆ ಯೋಜನೆಯನ್ನು 2001ರಲ್ಲಿ ಧರ್ಮಪುರಿಗೂ ತಂದರು.

ಇದನ್ನು ಮಾಡಿದವರಿಗೆ ಕೊಂಬು ಬಾಲ ಇರಲಿಲ್ಲ. ವರದಕ್ಷಿಣೆಗೆ ಹೆದರಿದ ಅಪ್ಪ, 'ನಮ್ಮ ಕಾಲದಿಂದ ಹೀಗೇ' ಎನ್ನುವ ಅಜ್ಜಿ, ಸ್ಕ್ಯಾನ್ ನೋಡಿ ಕಣ್ಣಿನಲ್ಲೇ ಸನ್ನೆ ಮಾಡುವ ಯಾರೋ ಒಬ್ಬರು. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು ತಡೆಯಲು 1994ರಲ್ಲೇ ಕಾನೂನು ಬಂದಿತ್ತು. ಸೈತಾನನ ಕೆಲಸ ನೋಡಬೇಕೆನ್ನುವವರು ಸ್ಮಶಾನಕ್ಕೆ ಹೋಗಬೇಕಾಗಿಲ್ಲ. ಈ ಅಂಕಿ ನೋಡಿದರೆ ಸಾಕು. ಇದರಲ್ಲಿ ಕಥೋಲಿಕರು ಯಾರೂ ಇರಲಿಲ್ಲ ಎಂದು ಎದೆತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಇಂದಿಗೂ ಮದುವೆ ಮಾತುಕತೆಗೆ ಕುಳಿತಾಗ 'ನೀವು ನಿಮ್ಮ ಮಗಳಿಗೆ ಏನು ಹಾಕ್ತೀರೋ ನಿಮ್ಮಿಷ್ಟ' ಎಂದು ನಗುನಗುತ್ತಾ ಹೇಳುತ್ತೇವಲ್ಲ, 1792ರ ಒಪ್ಪಂದದ ಹಾಗೆ ಅದೂ ಒಂದು ಕರಾರು. ಬೆಟ್ಟದ ಮೇಲಿನ ಕೋಟೆ ಅಲ್ಲೇ ಹೋಗುತ್ತದೆ.

ಒಳಗೆ ಕಾಳು ಇದೆಯೇ?

1768ರಲ್ಲಿ ಕೃಷ್ಣಗಿರಿ ಕೋಟೆಯ ಗೋಡೆ ಎಲ್ಲೂ ಒಡೆದಿರಲಿಲ್ಲ ಎಂಬುದನ್ನು ಮತ್ತೆ ನೆನಪಿಸಿಕೊಳ್ಳೋಣ. ಒಳಗೆ ಆಹಾರ ಬರಬೇಕಾದ ದಾರಿ ಕಟ್ಟಿಹೋಗಿತ್ತು. ಸಿದ್ಧತೆ ಎಂದಾಗ ನಾವು ಕತ್ತಿ ಗುರಾಣಿಗಳನ್ನು ಯೋಚಿಸುತ್ತೇವೆ. ದಂಡು ನಡೆಸಿದವರನ್ನು ಕೇಳಿದರೆ ಮೊದಲು ಕಣಜ ತೋರಿಸು ಎನ್ನುತ್ತಾರೆ.

ನಮ್ಮ ಕಣಜ ಬಲಿಪೂಜೆ, ದೇವರ ವಾಕ್ಯ, ಮನೆಯ ಪ್ರಾರ್ಥನೆ. ಇವುಗಳಲ್ಲಿ ಮೊದಲು ಖಾಲಿಯಾಗುತ್ತಿರುವುದು ಮನೆಯ ಪ್ರಾರ್ಥನೆ. ಹೊಸೂರಿನ ನಮ್ಮ ಮನೆಗಳು ವಿಚಿತ್ರ. ದೇವಾಲಯದಲ್ಲಿ ಪೂಜೆ ತಮಿಳಿನಲ್ಲಿ, ಸಂತೆಯಲ್ಲಿ ಚೌಕಾಸಿ ತೆಲುಗಿನಲ್ಲಿ, ಮನೆಯಲ್ಲಿ ಅಜ್ಜಿಯ ಜಪಸರ ಕನ್ನಡದಲ್ಲಿ. ಆ ಅಜ್ಜಿ ತೀರಿಕೊಂಡ ಮೇಲೆ ಕನ್ನಡದ ಜಪಸರವೂ ನಿಂತಿತು, ತಮಿಳಿನದೂ ಬರಲಿಲ್ಲ. ಅಪ್ಪನದು ಒಂದು ಶಿಫ್ಟ್, ಮಗನದು ಇನ್ನೊಂದು, ಸೊಸೆ ಎಂಟಕ್ಕೆ ಬರುತ್ತಾಳೆ. ಎಲ್ಲರೂ ಒಟ್ಟಿಗೆ ಮೊಣಕಾಲೂರುವುದು ಯಾವಾಗ? ಈ ಕಷ್ಟ ನಿಜವಾದದ್ದು, ನೆಪವಲ್ಲ. ಒಂದು ಮನೆಯವರು ಇದಕ್ಕೆ ಕಂಡು ಹಿಡಿದ ದಾರಿ ನಮಗೆ ಹಿಡಿಸಿತು. ಜಪಸರದ ಐದು ದಶಕಗಳನ್ನು ಐವರು ಹಂಚಿಕೊಂಡಿದ್ದಾರೆ. ಯಾರು ಎಲ್ಲಿದ್ದರೂ ತಮ್ಮ ಪಾಲಿನ ಒಂದು ದಶಕ, ಕಂಪನಿ ಬಸ್ಸಿನಲ್ಲಾದರೂ ಸರಿ. ಭಾನುವಾರ ರಾತ್ರಿ ಮಾತ್ರ ಐದನ್ನೂ ಒಟ್ಟಿಗೆ. ಭಾನುವಾರ ಯಾರಾದರೂ ತಮ್ಮ ದಶಕ ಹೇಳಿರಲಿಲ್ಲವೆಂದು ಒಪ್ಪಿಕೊಂಡರೆ, ಮನೆಯ ಚಿಕ್ಕ ಮಗಳು ದಂಡವಾಗಿ ಪಾತ್ರೆ ತೊಳೆಯುವ ಕೆಲಸ ಕೊಡುತ್ತಾಳಂತೆ.

ಪೌಲರು 'ಗುರಾಣಿ' ಎನ್ನಲು ಬಳಸಿದ ಗ್ರೀಕ್ ಪದ 'ಬಾಗಿಲು' ಎಂಬ ಪದದಿಂದ ಬಂದದ್ದು. ರೋಮನ್ ಸೈನಿಕರ ಗುರಾಣಿ ಹೆಚ್ಚುಕಡಿಮೆ ಬಾಗಿಲಿನಷ್ಟೇ ದೊಡ್ಡದು. ಒಬ್ಬನೇ ಹಿಡಿದರೆ ಮುಂದಿನಿಂದ ಬರುವ ಬಾಣ ಮಾತ್ರ ತಡೆಯುತ್ತದೆ. ಸಾಲಾಗಿ ನಿಂತು ಒಬ್ಬರ ಗುರಾಣಿಗೆ ಇನ್ನೊಬ್ಬರದನ್ನು ಜೋಡಿಸಿ, ಹಿಂದಿನವರು ತಲೆಯ ಮೇಲೆ ಹಿಡಿದರೆ, ಗೋಡೆಯೂ ಆಯಿತು, ಸೂರೂ ಆಯಿತು. ಆಯುಧಗಳನ್ನು ಧರಿಸಿಕೊಳ್ಳಿರಿ ಎಂದು ಪೌಲರು ಹೇಳುವುದೂ ಬಹುವಚನದಲ್ಲೇ.

ಇನ್ನೊಂದು ಎಚ್ಚರ. ಒಳ್ಳೆಯ ಪಾಪನಿವೇದನೆ ಮಾಡಿ, ಕುಡಿತ ಬಿಟ್ಟು, ಮಾಲೆ ಹಾಕಿಕೊಂಡು ವೇಲಾಂಗಣಿಗೆ ನಡೆದು ಹೋಗಿ ಬಂದ ಮೇಲೆ 'ಇನ್ನು ನನಗೆ ಏನೂ ಆಗದು' ಎನ್ನುವವರ ಬಗ್ಗೆ ನಮಗೆ ಹೆಚ್ಚು ಚಿಂತೆ. ಯೇಸುಸ್ವಾಮಿ ಹೇಳಿದ ಖಾಲಿ ಮನೆಯ ಸಾಮತಿ ನೆನಪಿದೆಯಲ್ಲ. ಗುಡಿಸಿ ಒಪ್ಪಮಾಡಿದ ಮನೆ ಖಾಲಿಯಾಗಿದ್ದರೆ ಹೋದವನು ಏಳು ಮಂದಿಯೊಂದಿಗೆ ಹಿಂದಿರುಗುತ್ತಾನೆ. ಬೆಂಗಾಡಿನಲ್ಲಿ ಸೋತ ಪಿಶಾಚಿ ಸ್ವಾಮಿಯನ್ನು ಬಿಟ್ಟುಹೋದದ್ದೂ ತಕ್ಕ ಸಮಯ ಬರುವವರೆಗೆ ಮಾತ್ರ ಎಂದು ಸಂತ ಲೂಕರು ಬರೆಯುತ್ತಾರೆ. ಕುಡಿತ ಬಿಟ್ಟವರಿಗೆ ಸಂಜೆ ಆರರಿಂದ ಎಂಟರವರೆಗಿನ ಹೊತ್ತು ಖಾಲಿ ಮನೆ. ಟಾಸ್ಮಾಕ್ ಅಂಗಡಿ ಎಲ್ಲೂ ಹೋಗುವುದಿಲ್ಲ, ಅಲ್ಲೇ ದೀಪ ಹಾಕಿಕೊಂಡು ಕಾಯುತ್ತಿರುತ್ತದೆ. ಆ ಎರಡು ಗಂಟೆಗೆ ಏನಾದರೂ ಕೆಲಸ, ಯಾರಾದರೂ ಜೊತೆ ಬೇಕೇ ಬೇಕು. ಹೆಂಡತಿಯರಿಗೆ ಒಂದು ಮಾತು: ಬಿಟ್ಟ ಮೇಲೂ ದಿನಾ ಹಳೆಯದನ್ನು ಎತ್ತಿ ಆಡಬೇಡಿ ತಾಯಂದಿರೇ. ನಿಮ್ಮ ನೋವು ನಮಗೆ ಗೊತ್ತು. ಆದರೂ ಆ ಎರಡು ಗಂಟೆ ಬಿಟ್ಟು ಬೇರೆ ಯಾವಾಗಲಾದರೂ ಹೇಳಿ.

ತಳಿ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಕಾವಲಿನ ಅಟ್ಟಣೆಗೆ ಒಮ್ಮೆ ನಾವೂ ಹತ್ತಿ ಕುಳಿತಿದ್ದೆವು. ಮೂರು ಮನೆಯವರು ಸರದಿ ಹಾಕಿಕೊಂಡಿದ್ದರು. ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರಬೇಕು. ಕೈಯಲ್ಲಿ ಟಾರ್ಚು, ಪಟಾಕಿ, ತಟ್ಟಲು ಹಳೆಯ ತಗಡಿನ ಡಬ್ಬ. ಒಬ್ಬರ ಹೊಲಕ್ಕೆ ಬಂದರೂ ಮೂವರೂ ಕೂಗಬೇಕು, ಅದು ನಿಯಮ. ಅಂದು ರಾತ್ರಿ ಆನೆ ಬರಲಿಲ್ಲ. "ಹಾಗಾದರೆ ನಾಳೆ ಮಲಗಬಹುದಲ್ಲ?" ಎಂದು ನಾವು ಕೇಳಿದ್ದಕ್ಕೆ ಆ ಹಿರಿಯರು, "ಕಟಾವು ಆಗೋವರೆಗೂ ಹಾಸಿಗೆ ಇಲ್ಲ ಸಾಮಿ" ಎಂದರು. ಬೆಳಗಿನ ಜಾವದ ಚಳಿಯಲ್ಲಿ ಅವರ ಹೆಂಡತಿ ಬಿಸಿ ಕಾಫಿ ತಂದುಕೊಟ್ಟರು.

ತಪಸ್ಸು ಕಾಲದ ಶನಿವಾರಗಳಂದು ಸಂಜೆ ಐದರಿಂದ ಏಳರವರೆಗೆ ಪಾಪನಿವೇದನೆಗೆ ಕುಳಿತಿರುತ್ತೇವೆ. ಕನ್ನಡ, ತಮಿಳು, ತೆಲುಗು ಯಾವುದರಲ್ಲಾದರೂ ಹೇಳಬಹುದು. ನಮ್ಮ ತೆಲುಗು ಅಷ್ಟಕ್ಕಷ್ಟೆ, ಆದರೆ ದೇವರಿಗೆ ಚೆನ್ನಾಗಿ ಬರುತ್ತದೆ. ರಾತ್ರಿ ಪಾಳಿಯವರು ಬೆಳಿಗ್ಗೆ ಕಂಪನಿ ಬಸ್ಸು ಇಳಿದು ನೇರವಾಗಿ ಬಂದರೂ ಆಗುತ್ತದೆ. ಬಾಗಿಲು ಮುಚ್ಚಿದ್ದರೆ ಪಕ್ಕದ ಗಂಟೆ ಒತ್ತಿ.